ಹಾಲೆಂಡಿನಲ್ಲಿ ಹೊಸಬಾಳೆಯ ತುಪ್ಪ

ವಿಮಾನ ನಿಲ್ದಾಣ

ಆಮ್‌ಸ್ಟರ್‌ಡ್ಯಾಮಿನ ಕಸ್ಟಮ್ಸ್ ಅಧಿಕಾರಿ ನನ್ನ ಚೀಲದಿಂದ ಡಬ್ಬಿ ಎತ್ತಿ ಮೇಜಿನ ಮೇಲಿಟ್ಟ. ಮುಚ್ಚಳಕ್ಕೆ ಬಿಗಿದಿದ್ದ ಬಟ್ಟೆ ಬಿಚ್ಚಿ ಮೂಗು ಹತ್ತಿರ ತಂದ.

"ಇದೇನು?"

"ಕಾಸಿದ ಬೆಣ್ಣೆ."

"ಹಾಲೆಂಡಿಗೆ ಬೆಣ್ಣೆ ತಂದಿದ್ದೀರಾ?"

ಪಕ್ಕದ ಮೇಜಿನವನನ್ನೂ ಕರೆದ. ಇಬ್ಬರೂ ಒಬ್ಬರಾದ ಮೇಲೊಬ್ಬರು ಮೂಸಿ ನೋಡಿ ತಮ್ಮ ಭಾಷೆಯಲ್ಲಿ ಚರ್ಚೆ ಮಾಡಿದರು. ಕೊನೆಗೆ ಮೊದಲಿನವನು ಮುಚ್ಚಳ ಹಾಕಿ, "ನಮ್ಮಪ್ಪ ಹಸು ಸಾಕುತ್ತಾನೆ. ನೀವು ಅಷ್ಟು ದೂರದಿಂದ ಇದನ್ನು ಹೊತ್ತು ತಂದದ್ದು ಅವನಿಗೆ ಗೊತ್ತಾಗದಿರಲಿ" ಎಂದು ಕೈಬೀಸಿ ಕಳಿಸಿದ.

ಡಬ್ಬಿಯಲ್ಲಿದ್ದದ್ದು ಹೊಸಬಾಳೆಯ ಎಮ್ಮೆ ತುಪ್ಪ. ಹೊಸಬಾಳೆ ನಮ್ಮ ಅವ್ವನ ತವರು. ನಾನು ಶಿಕಾರಿಪುರದವನು, ಜಿಲ್ಲೆಯ ಒಂದು ದಿನಪತ್ರಿಕೆಗೆ ಸೊರಬದಿಂದ ಸುದ್ದಿ ಕಳಿಸುವುದು ನನ್ನ ಉದ್ಯೋಗ. ಹಾಲೆಂಡಿಗೆ ಹೋಗುವ ಕಾರಣ ನನಗೆ ಎಂದೂ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅಕ್ಕ ಗಿರಿಜೆಗೆ ರಕ್ತದ ಕ್ಯಾನ್ಸರ್ ಎಂಬ ಸುದ್ದಿ ಬಂತು. ಭಾವ ಸೊರಬದ ಹತ್ತಿರದ ಜಡೆ ಊರಿನವರು. ನಮ್ಮ ಕಡೆಯ ಅಂಬ್ಲಿಗೊಳ ಜಲಾಶಯದ ಕಾಲುವೆಗಳ ಮೇಲೆ ಎಂಜಿನಿಯರಾಗಿ ವರ್ಷಗಟ್ಟಲೆ ತಿರುಗಿ, ಆಮೇಲೆ ಹಾಲೆಂಡಿನ ಒಂದು ಸಣ್ಣ ಊರಲ್ಲಿ ನೀರಾವರಿಯ ಪಾಠ ಹೇಳುವ ಕೆಲಸ ಹಿಡಿದಿದ್ದರು. ಅಕ್ಕನಿಗೆ ಒಡಹುಟ್ಟಿದವರ ಹೊಂದುವ ರಕ್ತಕೋಶ ಬೇಕು ಎಂದು ಅಲ್ಲಿನ ಆಸ್ಪತ್ರೆ ಹೇಳಿತು. ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ನಡೆಸುವ ಅಣ್ಣನದೂ ನನ್ನದೂ ರಕ್ತ ಪರೀಕ್ಷೆಯಾಯಿತು. ಹೊಂದಿದ್ದು ನನ್ನದು.

ಅಣ್ಣನಿಗೆ ಇದು ಸರಿಬರಲಿಲ್ಲ. "ದಿನಾ ಮೂಟೆ ಎತ್ತೋ ನನ್ನ ರಕ್ತಕ್ಕೆ ಏನಾಗೇತಂತೆ? ಕುರ್ಚಿ ಮೇಲೆ ಕುಂತು ಬರೆಯೋನ ರಕ್ತ ಆಗ್ತದಂತಾ?" ಎಂದು ಬಸ್ ಹೊರಡುವವರೆಗೂ ಕೇಳುತ್ತಲೇ ಇದ್ದ. ಅವ್ವನಿಗೆ ಅಂಥ ಅನುಮಾನಗಳಿರಲಿಲ್ಲ. "ರಕ್ತ ಕೊಡೋಕೆ ಹೊಂಟಾನ. ಕೊಟ್ಟಷ್ಟು ಮತ್ತೆ ಆಗಬೇಕಲ್ಲ" ಎಂದು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು.

ಸೂಜಿಯ ದಿನಗಳು

ಹಾಲೆಂಡ್ ಅಂಬ್ಲಿಗೊಳದ ಅಚ್ಚುಕಟ್ಟು ಪ್ರದೇಶಕ್ಕೆ ಇಸ್ತ್ರಿ ಹಾಕಿದಂತಿದೆ. ಎಲ್ಲಿ ನೋಡಿದರೂ ಕಾಲುವೆ, ಎಲ್ಲ ಕಾಲುವೆಗೂ ನೀರು, ನೀರಿಗಾಗಿ ಜಗಳವಾಡುವವರು ಮಾತ್ರ ಇಲ್ಲ. "ಇಲ್ಲಿ ಜಗಳ ಇರೋದು ನೀರು ಹೊರಗೆ ಹಾಕೋಕೆ ಮಾರಾಯ" ಎಂದು ಭಾವ ವಿವರಿಸಿದರು. "ನಮ್ಮ ಕಡೆ ಗೇಟು ಎತ್ತಿ ಅಂತ ಬೈತಿದ್ರು. ಇಲ್ಲಿ ಬೈಸಿಕೊಳ್ಳೋ ಸುಖವೇ ಇಲ್ಲ."

ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆ ಎಳೆಯುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಒಳಗಿನವರ ಊಟ, ಓದು, ಮುನಿಸು ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಾನು ನೋಡಿದೆ, ಅದು ನನ್ನ ವೃತ್ತಿ. ಒಬ್ಬ ಯಜಮಾನರು ಒಳಗಿನಿಂದ ಕೈ ಎತ್ತಿ ನಮಸ್ಕರಿಸಿದ ಮೇಲೆ ಬಿಟ್ಟೆ.

ಪಕ್ಕದ ಮನೆಯ ಅಜ್ಜಿ ಕಾಫಿಗೆ ಕರೆದಳು. ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಡಬ್ಬಿ ಟಪ್ ಎಂದು ಮುಚ್ಚಿ ಕಪಾಟಿಗೆ ಹೋಯಿತು. ಅಜ್ಜಿಯ ಮಾತಿನಲ್ಲಿ ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಬೇಕಾದಷ್ಟು ಕೊಟ್ಟಾಗಿದೆ, ಅಷ್ಟೇ. ನಮ್ಮಲ್ಲಿ ಹೀಗೆ ಮಾಡಿದವರ ಮನೆಗೆ ಹೆಣ್ಣು ಕೊಡುವುದು ಕಷ್ಟ.

ದಿನಾ ಬೆಳಿಗ್ಗೆ ನರ್ಸ್ ಒಬ್ಬರು ಮಳೆಯಲ್ಲೇ ಸೈಕಲ್ ತುಳಿದು ಬಂದು ನನ್ನ ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿ ಹೋಗುತ್ತಿದ್ದರು. ಇದರ ಉದ್ದೇಶವನ್ನು ಡಾಕ್ಟರು ಹೇಳಿದ್ದು ಹೀಗೆ: ರಕ್ತದ ಎಲ್ಲ ಕೋಶಗಳೂ ಮೂಳೆಯೊಳಗಿನ ಮಜ್ಜೆಯಲ್ಲಿರುವ ತಾಯಿಕೋಶಗಳಿಂದ ಹುಟ್ಟುತ್ತವೆ. ಈ ಔಷಧ ಆ ತಾಯಿಕೋಶಗಳನ್ನು ಹೆಚ್ಚಿಸಿ, ಮಜ್ಜೆಯಿಂದ ಹೊರಗೆ ರಕ್ತಕ್ಕೆ ಇಳಿಸುತ್ತದೆ. ಆಗ ಮೂಳೆ ಕೊರೆಯದೆ, ತೋಳಿನ ರಕ್ತನಾಳದಿಂದಲೇ ಅವನ್ನು ಸೋಸಿ ತೆಗೆಯಬಹುದು. ನನಗೆ ಅರ್ಥವಾದದ್ದು ಸಸಿಮಡಿಯ ಲೆಕ್ಕದಲ್ಲಿ. ಮಡಿಯಲ್ಲಿ ಒತ್ತಾಗಿ ಬೆಳೆದ ಸಸಿ ಕಿತ್ತು ಅಕ್ಕನ ಗದ್ದೆಗೆ ನಾಟಿ ಮಾಡುವುದು.

ಮೂರನೆಯ ಸೂಜಿಗೆ ಸೊಂಟ, ಬೆನ್ನು, ಎದೆಮೂಳೆ ಎಲ್ಲ ನೋಯತೊಡಗಿದವು. ಗಿರಣಿಯಲ್ಲಿ ಲಾರಿ ತುಂಬಿಸಿದ ಮರುದಿನ ಅಣ್ಣ ನರಳುವುದು ಸುಳ್ಳಲ್ಲ ಎಂದು ಗೊತ್ತಾಯಿತು. "ನೋವು ಒಳ್ಳೆಯದು, ಒಳಗೆ ಕೆಲಸ ನಡೆದಿದೆ" ಎಂದರು ನರ್ಸ್. ಭಾವ ಪಕ್ಕದಲ್ಲಿ ನಿಂತು, "ಗೇಟು ಎತ್ತಿದಾರೆ ಮಾರಾಯ, ತಡ್ಕೋ" ಎಂದರು.

ಅಕ್ಕನ ಕೋಣೆ

ಅಕ್ಕನ ಕೋಣೆಗೆ ಹೋಗಬೇಕಾದರೆ ಕೈ ತೊಳೆದು, ನಿಲುವಂಗಿ ತೊಟ್ಟು, ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಅವಳು ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದಳು. ನಾನು ಟೋಪಿಯನ್ನೇ ನೋಡುತ್ತ ನಿಂತದ್ದನ್ನು ಕಂಡು ತಾನೇ ಅದನ್ನು ತೆಗೆದು ಬೋಳು ತಲೆ ತೋರಿಸಿದಳು.

"ನೋಡು, ಕನ್ನಡಿ ಮುಂದೆ ನಿಂತ್ರೆ ಅಪ್ಪ ಕಂಡಂಗೆ ಆಗ್ತದೆ. ನಿನ್ನೆ ಹೆದರಿ 'ಹೋಂವರ್ಕ್ ಮಾಡೀನಪ್ಪ' ಅಂದ್‌ಬಿಟ್ಟೆ."

"ಮೀಸೆ ಒಂದು ಕಡಿಮೆ."

"ಅದೂ ನಿನ್ನ ರಕ್ತ ಬಂದ್ಮೇಲೆ ಬರ್ತದೇನೋ ಅಂತ ಡಾಕ್ಟ್ರನ್ನ ಕೇಳಿದೆ. ಇಲ್ಲಿಯವರಿಗೆ ತಮಾಷೆ ತಿಳಿಯಲ್ಲ ಕಣೋ. ಪಾಪ, 'ಅಂಥ ಪ್ರಕರಣ ವರದಿಯಾಗಿಲ್ಲ' ಅಂದ್ರು."

ತಟ್ಟೆಯಲ್ಲಿ ಊಟ ಹಾಗೇ ಇತ್ತು. ಏನು ತಿಂದರೂ ತಗಡು ಅಗಿದಂತಾಗುತ್ತದೆ ಎಂದಳು. ಅವಳಿಗೆ ಕೊಡುತ್ತಿದ್ದ ಔಷಧ ಕಾಯಿಲೆಯ ಜೊತೆಗೆ ಅವಳ ಮಜ್ಜೆಯನ್ನೂ ಖಾಲಿ ಮಾಡುತ್ತಿತ್ತು. ಹೊರಗೆ ಬಂದ ಮೇಲೆ ಡಾಕ್ಟರು ನನಗೂ ಭಾವನಿಗೂ ವಿಷಯವನ್ನು ಸುತ್ತುಬಳಸದೆ ಹೇಳಿದರು. ಡಚ್ಚರು ಯಾವುದನ್ನೂ ಸುತ್ತುಬಳಸುವುದಿಲ್ಲ. ಇನ್ನು ಅವಳಿಗೆ ಸ್ವಂತ ರಕ್ತ ಹುಟ್ಟುವುದಿಲ್ಲ. ತಮ್ಮನಿಂದ ಸಿಗುವ ಕೋಶಗಳು ಸಾಕಾಗಬೇಕು. ಸಾಕಾಗದಿದ್ದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ಹಿಂದಿನ ಸಂಜೆ

ಕೋಶ ತೆಗೆಯುವ ವಿಭಾಗದ ನರ್ಸ್ ಮರೈಕೆ, ನಮ್ಮೂರ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಹೆಂಗಸು, ನನ್ನ ತೋಳಿನ ರಕ್ತನಾಳಗಳನ್ನು ಪರೀಕ್ಷಿಸಿ ಮೆಚ್ಚಿಕೊಂಡು ಹೇಳಿದರು: "ನಾಳೆ ಬೆಳಿಗ್ಗೆ ಚೆನ್ನಾಗಿ ತಿಂದು ಬನ್ನಿ. ಹಸಿದ ಹೊಟ್ಟೆಯಲ್ಲಿ ಬರಬೇಡಿ."

ಮರೈಕೆಯ ದೇಶದಲ್ಲಿ ಚೆನ್ನಾಗಿ ತಿನ್ನುವುದೆಂದರೆ ಎರಡು ತುಂಡು ಬ್ರೆಡ್ಡು, ನಡುವೆ ತೆಳ್ಳನೆಯ ಚೀಸು. ಮೂರನೆಯ ತುಂಡು ತಿಂದವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಆದರೆ ಮಾತು ಬಿದ್ದದ್ದು ಜಡೆಯ ಭಾವನ ಕಿವಿಗೆ. ಅದೇ ಸಂಜೆ ಅವ್ವನ ಫೋನೂ ಬಂತು. ಎಸ್‌ಟಿಡಿ ಅಂಗಡಿಯಿಂದ ಅವಳು ಕೂಗುತ್ತಿದ್ದದ್ದು ನನಗೆ ಅಡುಗೆಮನೆಯವರೆಗೂ ಕೇಳಿಸಿತು. "ನಾಳೆ ರಕ್ತ ತಗೀತಾರಂತಲ್ಲಾ, ಹೋಳಿಗೆ ಮಾಡ್ರಿ ಅಳಿಯಂದಿರೇ!"

ಭಾವ ಆಗಲೇ ಕಡಲೆಬೇಳೆ ಬೇಯಲು ಇಟ್ಟಿದ್ದರು. ಬೇಳೆ ಸಿಕ್ಕಿದ್ದು ಹೇಗ್ ಪಟ್ಟಣದಲ್ಲಿ, ಅಲ್ಲಿ ಸುರಿನಾಮ್ ದೇಶದಿಂದ ಬಂದವರ ಅಂಗಡಿಗಳಿವೆ. ಮುತ್ತಜ್ಜನ ಕಾಲದಲ್ಲಿ ಬಿಹಾರದ ಕಡೆಯಿಂದ ಹಡಗು ಹತ್ತಿ ಡಚ್ಚರ ಆ ವಸಾಹತಿಗೆ ಕೂಲಿಗೆ ಹೋದವರ ಮಕ್ಕಳುಮರಿಗಳು. ಅಂಗಡಿಯ ಹೆಂಗಸಿಗೆ ಭಾರತ ನೋಡಿ ಗೊತ್ತಿಲ್ಲ, ಆದರೆ ಬೇಳೆಯನ್ನು ಬೆರಳಲ್ಲಿ ಒತ್ತಿ ಹಳೆಯದೋ ಹೊಸದೋ ಹೇಳಬಲ್ಲಳು.

ಇನ್ನು ಬಡಿಸುವ ಪದ್ಧತಿ. ನಮ್ಮಲ್ಲಿ ಹೋಳಿಗೆಗೆ ತುಪ್ಪ ಹಾಕುವವರು 'ಸಾಕು' ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಮರ್ಯಾದೆಗೆ ಹೇಳುವ ಮಾತು. ಉಣ್ಣುವವನು ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಬೇಕು. ಆಗ ನಿಲ್ಲಿಸುತ್ತಾರೆ, ಅದೂ ಬೆರಳ ಸಂದಿಯಲ್ಲಿ ಒಂದು ಧಾರೆ ಬಿಟ್ಟ ಮೇಲೆ. ಭಾವ ಹೊಸ ಅಳಿಯನಾಗಿದ್ದಾಗ ಅವ್ವ ಅವರಿಗೆ ಹೀಗೇ ಮಾಡಿದ್ದಳು. ಆ ಬಾಕಿ ಅವರು ಈಗ ನನ್ನ ಮೇಲೆ ತೀರಿಸಿಕೊಂಡರು.

"ಸಾಕ್ರೀ ಭಾವ."

"ಅವ್ವಂಗೆ ಫೋನ್ ಮಾಡ್ಲಾ?"

"ಸಾಕು ಅಂದ್ನಲ್ರೀ, ತಟ್ಟೆ ತುಂಬ್ತು!"

"ನಿನ್ನ ಅಕ್ಕನಿಗೆ ಹೋಗೋದಲ್ವೇನಯ್ಯ ಇದು? ತಿನ್ನು."

ತಿಂದೆ. ಬೆಳಿಗ್ಗೆ ಎದ್ದಾಗ ಉಳಿದ ಹೋಳಿಗೆಗಳು ಬಿಸಿಯಾಗಿ ಕಾದಿದ್ದವು. ಪಕ್ಕದಲ್ಲಿ ಡಬ್ಬಿಯೂ ಇತ್ತು. ಚೆನ್ನಾಗಿ ತಿಂದು ಹೊರಟೆ.

ಯಂತ್ರದ ಪಕ್ಕ

ಒಂದು ತೋಳಿನಿಂದ ರಕ್ತ ಹೊರಗೆ ಹೋಗುತ್ತದೆ, ಬೀರುವಿನಷ್ಟು ಯಂತ್ರದಲ್ಲಿ ಗಿರಗಿರ ತಿರುಗುತ್ತದೆ, ಇನ್ನೊಂದು ತೋಳಿಗೆ ಮರಳಿ ಬರುತ್ತದೆ. ತಿರುಗುವಾಗ ಭಾರದ ಕೆಂಪು ಕೋಶಗಳು ಒಂದು ಕಡೆ, ಹಳದಿ ನೀರು ಇನ್ನೊಂದು ಕಡೆ ಆಗುತ್ತವೆ. ನಡುವೆ ಬದುವಿನಂತೆ ಒಂದು ತೆಳು ಪದರ ನಿಲ್ಲುತ್ತದೆ. ತಾಯಿಕೋಶಗಳು ಆ ಪದರದಲ್ಲಿರುತ್ತವೆ. ಯಂತ್ರ ಅಷ್ಟನ್ನೇ ಹೀರಿ ಮೇಲೆ ತೂಗುಹಾಕಿದ ಚೀಲಕ್ಕೆ ಕಳಿಸಬೇಕು. ಪದರ ಎಲ್ಲಿದೆ ಎಂದು ನೋಡಿಕೊಳ್ಳುವುದು ನರ್ಸಿನ ಕಣ್ಣು.

ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಔಷಧದಿಂದ ತುಟಿಯ ಸುತ್ತ ಚುರುಚುರು ಎನ್ನತೊಡಗಿತು. ಸರಿಯಾಗಿ ಬೇಯದ ಸುವರ್ಣಗೆಡ್ಡೆ ತಿಂದರೆ ಆಗುವುದು ಅದೇ. ಮರೈಕೆ ಸುಣ್ಣದ ಅಂಶದ ಮಾತ್ರೆ ಕೊಟ್ಟರು. ಆಮೇಲೆ ಯಂತ್ರದ ಕಿಟಕಿಗೆ ಬಗ್ಗಿದರು. ಮತ್ತೆ ಬಗ್ಗಿದರು. ಒಂದು ಗುಂಡಿ ಒತ್ತಿ, ಕನ್ನಡಕ ಒರೆಸಿಕೊಂಡು, ಮೂರನೆಯ ಸಲ ಬಗ್ಗಿದರು.

"ಗೆರೆ ಕಾಣುತ್ತಿಲ್ಲ" ಎಂದರು.

ಹಳದಿಯಾಗಿ, ಪಾರದರ್ಶಕವಾಗಿ ಇರಬೇಕಾದ ನೀರು ಹಾಲು ಬೆರೆಸಿದಂತೆ ಬೆಳ್ಳಗಿತ್ತು. ಪದರ ಯಾವುದು, ನೀರು ಯಾವುದು ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಇನೆಕೆ ಎಂಬ ಸಂಶೋಧಕಿ ತನ್ನ ಪಾಲಿನ ರಕ್ತಕ್ಕಾಗಿ ಗಾಜಿನ ನಳಿಕೆಗಳನ್ನು ಹಿಡಿದು ಬಂದಳು. ಅದಕ್ಕೆ ನನ್ನ ಒಪ್ಪಿಗೆಯನ್ನು ಮೊದಲೇ ಕೇಳಿದ್ದಳು. ಕೋಶಗಳು ತಮ್ಮ ಮೈಯಿಂದ ಉದುರಿಸುವ ತೀರ ಸಣ್ಣ ಗುಳ್ಳೆಗಳನ್ನು ಅವಳು ಅಭ್ಯಾಸ ಮಾಡುತ್ತಿದ್ದಳು. ಒಂದು ನಳಿಕೆ ತುಂಬಿಕೊಂಡು ಹೋದವಳು ಸ್ವಲ್ಪ ಹೊತ್ತಿಗೆ ಓಡಿ ಬಂದಳು.

"ನನ್ನ ಯಂತ್ರದ ಪ್ರಕಾರ ಇಡೀ ಹಾಲೆಂಡಿನಲ್ಲಿ ನಿಮ್ಮಷ್ಟು ಗುಳ್ಳೆ ಇರುವ ಮನುಷ್ಯನಿಲ್ಲ. ಆದರೆ ಅವು ಗುಳ್ಳೆಗಳಲ್ಲ, ಕೊಬ್ಬಿನ ಕಣ. ಬೆಳಿಗ್ಗೆ ಏನು ತಿಂದಿರಿ?"

ನಾನು ಭಾವನ ಕಡೆ ನೋಡಿದೆ. ಭಾವ ಚಾವಣಿಯ ಕಡೆ ನೋಡಿದರು.

"ಬೆಣ್ಣೆ" ಎಂದೆ.

"ಎಷ್ಟು?"

ಭಾವ ಕೈಸನ್ನೆಯಲ್ಲಿ ಒಂದು ಸೌಟು ಎಂದು ತೋರಿಸಿದರು. ಸತ್ಯ ಹೇಳಲೇಬೇಕಾದ ಜಾಗ ಎಂದು ಅನ್ನಿಸಿರಬೇಕು, ಇನ್ನೊಂದನ್ನೂ ತೋರಿಸಿದರು.

ಮರೈಕೆ ನಗಲಿಲ್ಲ. ಗಂಟೆಗಟ್ಟಲೆ ಯಂತ್ರದ ಮುಂದೆ ನಿಂತು, ಅಂದಾಜಿನ ಮೇಲೆ ಪದರವನ್ನು ಹಿಡಿಯಲು ನೋಡಿದರು. ಸಂಜೆಗೆ ಎಣಿಕೆ ಬಂತು. ಬೇಕಾದದ್ದರ ಅರ್ಧವೂ ಇರಲಿಲ್ಲ. ಸಿಕ್ಕಷ್ಟನ್ನು ಅಕ್ಕನಿಗೆ ಏರಿಸಿದರು. ಉಳಿದದ್ದು ನಾಳೆ ಸಿಗಲೇಬೇಕು, ನಾಡಿದ್ದಿಗೆ ಸೂಜಿಯ ಪರಿಣಾಮ ಇಳಿಯತೊಡಗುತ್ತದೆ ಎಂದರು ಡಾಕ್ಟರು.

ಅಕ್ಕನಿಗೆ ಹೇಳುವ ಕೆಲಸ ನನಗೇ ಬಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೋಳಿಗೆ ಮಾಡಿದ್ರಾ? ನನ್ನ ಬಿಟ್ಟು?"

"ಹ್ಞೂಂ."

"ಎಷ್ಟು ತಿಂದ್ಯೋ ಬಕಾಸುರ?" ನಕ್ಕಳು. ಆಮೇಲೆ ನಗು ನಿಂತಿತು. ಗ್ಲೌಸು ಹಾಕಿದ ನನ್ನ ಕೈ ಹಿಡಿದುಕೊಂಡು, "ನಾಳೆ ಸರಿಯಾಗಿ ಕೊಡೋ ತಮ್ಮ" ಎಂದಳು. ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಮಾರನೆಯ ದಿನ

ಆ ಸಂಜೆ ಭಾವ ಗಂಜಿ ಬೇಯಿಸಿದರು. ಉಪ್ಪು ಬಿಟ್ಟರೆ ಬೇರೇನಿಲ್ಲ. ಉಪ್ಪಿನಕಾಯಿಯಲ್ಲೂ ಎಣ್ಣೆ ಇದೆ ಎಂದು ಅದನ್ನು ಎತ್ತಿಟ್ಟರು. ತುಪ್ಪದ ಡಬ್ಬಿಯನ್ನು ಕಪಾಟಿನ ತುದಿಗೆ ಏರಿಸಿ, ಮುಂದೆ ನೀರಾವರಿಯ ದಪ್ಪ ಪುಸ್ತಕಗಳನ್ನು ಅಡ್ಡ ಇಟ್ಟರು. ನೀರು ಕುಡಿ, ಇನ್ನೂ ಕುಡಿ ಎಂಬುದನ್ನು ಬಿಟ್ಟು ಮಾತಿಲ್ಲ.

"ಅವ್ವಂಗೂ ನಿಮಗೂ ಇದರಲ್ಲಿ ತಪ್ಪಿಲ್ಲ ಭಾವ" ಎಂದೆ.

"ಕಾಲುವೆ ಕೊನೆ ಗದ್ದೆಗೆ ನೀರು ಮುಟ್ಟಲಿಲ್ಲ ಅಂದ್ರೆ ತಪ್ಪು ಯಾರದಾದ್ರೇನು ಮಾರಾಯ, ಪೈರು ಒಣಗೋದು ಒಣಗ್ತದೆ" ಎಂದು ಪಾತ್ರೆ ತೊಳೆಯಲು ಎದ್ದರು.

ಬೆಳಿಗ್ಗೆ ಒಂದು ಒಣ ಬ್ರೆಡ್ಡು, ಹಾಲಿಲ್ಲದ ಚಹಾ. ಯಂತ್ರ ತಿರುಗಿತು. ಮರೈಕೆ ಕಿಟಕಿಗೆ ಬಗ್ಗಿದರು. ನಾವಿಬ್ಬರೂ ಅವರ ಬೆನ್ನನ್ನು ನೋಡುತ್ತಿದ್ದೆವು. ಅವರು ತಿರುಗದೆಯೇ ಹೆಬ್ಬೆರಳು ಎತ್ತಿದರು. ನೀರು ಭತ್ತದ ಹುಲ್ಲಿನ ಬಣ್ಣಕ್ಕೆ ಬಂದಿತ್ತು. ನಡುವಿನ ಪದರ ಪೆನ್ಸಿಲಿನಲ್ಲಿ ಗೀಚಿದಷ್ಟು ಸ್ಪಷ್ಟವಾಗಿತ್ತು.

ಚೀಲ ತುಂಬಲು ಬಹಳ ಹೊತ್ತು ಬೇಕು. ಎರಡೂ ಕೈ ಕಟ್ಟಿಹಾಕಿದ್ದರಿಂದ ನಾನು ಇನೆಕೆಯನ್ನು ಮಾತಿಗೆ ಹಿಡಿದೆ. ಬರೆದುಕೊಳ್ಳಲು ಆಗದ ನನ್ನ ಏಕೈಕ ಸಂದರ್ಶನ ಅದು. ಕೋಶಗಳು ಉದುರಿಸುವ ಈ ಗುಳ್ಳೆಗಳನ್ನು ಹಿಂದಿನವರು ಧೂಳು ಎಂದು ಕರೆದು ಬಿಟ್ಟಿದ್ದರಂತೆ. ಪ್ರತಿ ಗುಳ್ಳೆಗೂ ತಾಯಿ ಯಾವ ಕೋಶವೋ ಅದರದೇ ಪೊರೆ ಇರುತ್ತದೆ; ಅದನ್ನು ನೋಡಿ ಯಾರ ಮನೆಯದು ಎಂದು ಗುರುತಿಸಬಹುದು.

"ಸೂಜಿಯ ಔಷಧ ಕೊಟ್ಟಾಗ ಅವು ಹೆಚ್ಚುತ್ತವೆಯೇ? ತಾಯಿಕೋಶ ಮಜ್ಜೆ ಬಿಟ್ಟು ಬರಲು ಅವು ಸಹಾಯ ಮಾಡುತ್ತವೆಯೇ? ಈ ಚೀಲದ ಜೊತೆ ಅವೂ ನಿಮ್ಮ ಅಕ್ಕನ ಮೈಗೆ ಹೋಗುತ್ತವಲ್ಲ, ಅಲ್ಲಿ ಏನು ಮಾಡುತ್ತವೆ?" ಎಂದು ಇನೆಕೆ ಸಾಲಾಗಿ ಕೇಳಿದಳು.

"ಏನು ಮಾಡುತ್ತವೆ?"

"ಗೊತ್ತಿಲ್ಲ. ಬರೀ ಕಸವೂ ಇರಬಹುದು. ಕಸವಲ್ಲ ಎಂದು ನನ್ನ ಅನುಮಾನ."

ಸಂದರ್ಶನಗಳಲ್ಲಿ 'ಗೊತ್ತಿಲ್ಲ' ಎಂಬ ಉತ್ತರ ನನಗೆ ಅಪರೂಪ. ನಮ್ಮಣ್ಣನ ಗಿರಣಿಯ ತೌಡಿನ ಕಥೆ ಹೇಳಿದೆ. ಅಕ್ಕಿ ಮಾಡುವಾಗ ಉದುರುವ ಆ ಪುಡಿಯನ್ನು ಮೊದಲು ದನಗಳಿಗೆ ಹಾಕುತ್ತಿದ್ದರು. ಅದರಲ್ಲಿ ಎಣ್ಣೆ ಇದೆ ಎಂದು ತಿಳಿದ ಮೇಲೆ ಲಾರಿಗಳು ಬಾಗಿಲಿಗೆ ಬಂದು ನಿಂತವು. ಇನೆಕೆಗೆ ಕಥೆ ಹಿಡಿಸಿತು. ಹೋಗುವಾಗ, ನಿನ್ನೆಯ ಬಿಳಿ ನಳಿಕೆಯನ್ನು ಎಸೆದಿಲ್ಲ, ಹೊಸ ವಿದ್ಯಾರ್ಥಿಗಳಿಗೆ ತೋರಿಸಲು ಇಟ್ಟಿದ್ದೇನೆ ಎಂದಳು. ಅದನ್ನು ಹಾಗೆ ಬೆಳ್ಳಗೆ ಮಾಡಿದ ತಿಂಡಿಯ ರುಚಿ ನೋಡಬಹುದೇ ಎಂದೂ ಕೇಳಿದಳು. ಭಾವನ ಮುಖ ಎರಡು ದಿನಗಳಲ್ಲಿ ಮೊದಲ ಸಲ ಅರಳಿತು.

ಸಂಜೆಯ ಎಣಿಕೆ ಸಾಕಾಗಿ ಮಿಕ್ಕಿತ್ತು. ಟೊಮೆಟೊ ಸಾರಿನ ಬಣ್ಣದ ಸಣ್ಣ ಚೀಲ ಅದು. ಅಕ್ಕ ತನ್ನ ಹಾಸಿಗೆಯ ಮೇಲೆ ತೂಗುತ್ತಿದ್ದ ಅದನ್ನು ನೋಡಿ, "ಇಷ್ಟಕ್ಕೆ ಅಷ್ಟು ಹೋಳಿಗೆ ತಿಂದ್ಯಾ?" ಎಂದಳು.

ಕಾಯುವ ವಾರಗಳು

ನಾಟಿ ಮಾಡಿದ ಮೇಲೆ ಸಸಿ ಬೇರು ಹಿಡಿಯುವವರೆಗೆ ಹಳದಿಯಾಗಿ ಜೋತುಬಿದ್ದಿರುತ್ತದೆ. ಅಕ್ಕನೂ ಹಾಗೇ ಇದ್ದಳು. ಜ್ವರ ಬಂತು, ಬಾಯಿ ಹುಣ್ಣಾಯಿತು, ಮಾತು ಕಡಿಮೆಯಾಯಿತು. ದಿನಾ ಬೆಳಿಗ್ಗೆ ಬಿಳಿ ರಕ್ತಕೋಶಗಳ ಎಣಿಕೆ ಬರುತ್ತಿತ್ತು. ಏರಿಕೆ ಇರಲಿಲ್ಲ.

ನಾನೂ ಭಾವನೂ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದೆವು. ಸೈಕಲ್ ದಾರಿಯಲ್ಲಿ ಕಾಲಿಟ್ಟೆನೆಂದು ಸೂಟು ತೊಟ್ಟ ಒಬ್ಬ ಮಹನೀಯರು ನನ್ನನ್ನು ಬೈದು ಹೋದರು. "ನೋಡ್ರಿ ಭಾವ, ಕೊನೆಗೂ ಒಬ್ರು ಬೈದ್ರು" ಎಂದೆ. ಅಜ್ಜಿಯ ಮನೆಯ ಬಚ್ಚಲಿನಲ್ಲಿ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಬಳಗದವರ ಹುಟ್ಟುಹಬ್ಬಗಳನ್ನೆಲ್ಲ ಅದರಲ್ಲಿ ಗುರುತು ಹಾಕಿದ್ದಳು. ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳಲಿ ಎಂದು ಅಲ್ಲಿ ತೂಗುಹಾಕುತ್ತಾರಂತೆ. ಅವಳ ಮಗನ ಹುಟ್ಟುಹಬ್ಬಕ್ಕೆ ಹೋದಾಗ ಬಂದವರೆಲ್ಲ ಮಗನ ಕೈ ಕುಲುಕಿ, ಆಮೇಲೆ ಅಜ್ಜಿಗೆ, ಸೊಸೆಗೆ, ಕೊನೆಗೆ ಸುಮ್ಮನೆ ಕೂತಿದ್ದ ನನಗೂ ಅಭಿನಂದನೆ ಹೇಳಿದರು. ಇಲ್ಲಿ ಒಬ್ಬನ ಸಂತೋಷಕ್ಕೆ ಕೋಣೆಯಲ್ಲಿದ್ದ ಎಲ್ಲರೂ ಹಕ್ಕುದಾರರು.

ಒಂದು ಬೆಳಿಗ್ಗೆ ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಮರೈಕೆ ದೂರದಿಂದ ಉದ್ದ ಹೆಜ್ಜೆ ಹಾಕುತ್ತ ಬಂದರು. ನೇರವಾಗಿ ಭಾವನ ಕೈ ಹಿಡಿದು ಕುಲುಕಿ "ಅಭಿನಂದನೆ" ಎಂದರು. ಆಮೇಲೆ ನನ್ನ ಕೈ. ಆಮೇಲೆ ಪಕ್ಕದಲ್ಲಿ ಕೂತಿದ್ದ ಯಾರೋ ಅಪರಿಚಿತನ ಕೈ. ಆತನೂ ಎದ್ದು ನಿಂತು ನಮ್ಮ ಕೈ ಕುಲುಕಿದ. ಎಣಿಕೆ ಏರಿತ್ತು. ಮರುದಿನ ಇನ್ನೂ ಏರಿತು. ಸಸಿ ಬೇರು ಹಿಡಿದಿತ್ತು.

ಭಾವ ಬೆಂಚಿನ ಮೇಲೆ ಮತ್ತೆ ಕೂತು, ಕನ್ನಡಕ ತೆಗೆದು ಒರೆಸಿದರು. ಅದನ್ನು ಒರೆಸಲು ಅಷ್ಟು ಹೊತ್ತು ಬೇಕಿರಲಿಲ್ಲ.

ಹೊರಡುವ ವಾರ

ಅಕ್ಕನ ಬಾಯಿಯ ಹುಣ್ಣು ಮಾಗಿದ ಮೇಲೆ ಒಂದು ಮಧ್ಯಾಹ್ನ ಅವಳು ಆಸ್ಪತ್ರೆಯ ಅನ್ನವನ್ನು ಚಮಚದಲ್ಲಿ ಕೆದಕುತ್ತ, "ಆ ಡಬ್ಬಿ ನೀವಿಬ್ರೇ ಮುಗಿಸಿದ್ರಾ?" ಎಂದಳು.

"ಯಾವ ಡಬ್ಬಿ?" ಎಂದರು ಭಾವ, ಪಕ್ಕಾ ಗೊತ್ತಿದ್ದೂ.

"ನಾಟಕ ಬೇಡ್ರೀ. ಬಿಸಿ ಅನ್ನ, ಒಂದ್ ಚೂರು ಉಪ್ಪು, ತುಪ್ಪ. ನಿನ್ನೆಯಿಂದ ಅದೇ ಕಣ್ಮುಂದೆ ಬರ್ತಿದೆ."

ತಗಡಿನ ರುಚಿ ಹೋಗಿತ್ತು. ಮರೈಕೆಯನ್ನು ಕೇಳಿದೆವು. ಅವರು ಡಾಕ್ಟರನ್ನು ಕೇಳಿದರು. ಹೊಸದಾಗಿ ಚೆನ್ನಾಗಿ ಕುದಿಸಿ ತರುವುದಾದರೆ ಒಂದು ಚಮಚ ಆಗಬಹುದು ಎಂದು ಅಪ್ಪಣೆಯಾಯಿತು. ಭಾವ ಪುಸ್ತಕಗಳನ್ನು ಸರಿಸಿ ಡಬ್ಬಿ ಇಳಿಸಿದರು. ಅಕ್ಕ ಆ ಒಂದು ಚಮಚ ತುಪ್ಪದನ್ನವನ್ನು ಎಷ್ಟು ನಿಧಾನವಾಗಿ ತಿಂದಳೆಂದರೆ, ನೋಡುತ್ತಿದ್ದ ಮರೈಕೆ ತಟ್ಟೆಯ ವಾಸನೆ ನೋಡಿ "ಇದೇನಾ ಆ ಅಪರಾಧಿ?" ಎಂದರು.

ಅಕ್ಕನ ಕೋಣೆಯಿಂದಲೇ ಶಿಕಾರಿಪುರದ ಗಿರಣಿಗೆ ಫೋನ್ ಮಾಡಿ ಅವ್ವನನ್ನು ಕರೆಸಿದೆವು. ಎಣಿಕೆ ಏರಿದ್ದನ್ನೂ ಅಕ್ಕ ಉಂಡದ್ದನ್ನೂ ಹೇಳಿದೆ.  ಅವ್ವ ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ ಅವಳ ದನಿ ಎಂದಿನ ಎತ್ತರಕ್ಕೆ ಏರಿತು.

"ನಾ ಅವತ್ತೇ ಹೇಳಿರಲಿಲ್ಲೇನು? ತುಪ್ಪ ತಿಂದು ಹೋದ್ರೆ ರಕ್ತ ತಾನಾಗೇ ಆಗ್ತದೆ ಅಂತ!"

ತಪ್ಪು ಸುದ್ದಿಗೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ಪತ್ರಿಕೆಯ ನಿಯಮ. "ಅವ್ವಾ, ನಿಜ ಏನಂದ್ರೆ" ಎಂದು ಶುರುಮಾಡಿದೆ. ಅಷ್ಟರಲ್ಲಿ ಅಕ್ಕ ಹಾಸಿಗೆಯಿಂದ ಕೈ ಚಾಚಿ ಫೋನ್ ಕಿತ್ತುಕೊಂಡಳು.

"ಹೌದವ್ವಾ, ತುಪ್ಪದಿಂದ್ಲೇ. ಇವನಿಗೆ ಹಾಕಿದ್ದು ಜಾಸ್ತಿ ಆಯ್ತು, ನನಗೆ ಸಿಕ್ಕಿದ್ದು ಕಡಿಮೆ ಆಯ್ತು. ಇನ್ನೊಂದು ಡಬ್ಬಿ ಕಳ್ಸು."